ಚರಗದ ಕಡಬಿಗೆ ಪ್ರಮಾಣಪತ್ರ ಎಲ್ಲಿಂದ ತರಲಿ?

ಸಾವಯವ ಪ್ರಮಾಣೀಕರಣ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಅತ್ತೆ ತಿಪ್ಪವ್ವ ಭೂಮಿತಾಯಿಗೆ ಊಟ ಹಾಕಿದ ಅಪರಾಧಕ್ಕಾಗಿ ನಮ್ಮ ನಾಲ್ಕು ಎಕರೆ ಜವಾರಿ ಹತ್ತಿಗೆ ತಾವು ಸಾವಯವ ಪ್ರಮಾಣಪತ್ರ ನಿರಾಕರಿಸಿದ್ದೀರಿ. ನಾಲ್ಕು ಜನಕ್ಕೂ ತಿಳಿಯಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಮ್ಮ ನಿಯಮದಂತೆ ಮೂರು ವರ್ಷ ಹೊಲಕ್ಕೆ ಒಂದು ಹನಿ ಔಷಧಿ ಹೊಡೆದಿಲ್ಲ. ಹುಳಗಳನ್ನು ಕೈಯಿಂದಲೇ ಆರಿಸಿದ್ದೇನೆ. ಊರು ನಕ್ಕಿತು. ಆದರೆ ಗಜೇಂದ್ರಗಡದ ನೇಕಾರ ಮಹಮ್ಮದಸಾಬರು, "ನಿಮ್ಮ ಹತ್ತಿ ಬ್ಯಾರೇನ ನೂಲಿಸಿ ಸೀರಿ ನೇಯ್ತೀನ್ರಿ, ಕಾಗದ ಒಂದ್ ಬೇಕು" ಎಂದಿದ್ದರು. ಕಾಗದವಿಲ್ಲದಿದ್ದರೆ ನಮ್ಮ ಹತ್ತಿಯೂ ಔಷಧಿ ಹೊಡೆದ ಹತ್ತಿಯ ರಾಶಿಗೇ ಬೀಳುತ್ತದೆ.

ತಮ್ಮ ಪರಿವೀಕ್ಷಕರು ಕೊನೆಯ ತಪಾಸಣೆಗೆ ಬಂದದ್ದು ಸೀಗೆ ಹುಣ್ಣಿಮೆಯಂದು. ಅತ್ತೆ ಬುಟ್ಟಿ ಹಿಡಿದು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಹೊಲದ ತುಂಬ ಕಡಬು, ಪಲ್ಯ ಕಲಸಿದ ಚರಗ ಚೆಲ್ಲುತ್ತಿದ್ದರು.

"ಏನಿದು ಸಿಂಪರಣೆ?" ಎಂದರು ಪರಿವೀಕ್ಷಕರು.

"ಸಿಂಪರಣಿ ಅಲ್ರೀ ಸಾಹೇಬ್ರ, ಬಸುರಿ ಭೂಮ್ತಾಯಿಗೆ ಉಣ್ಣಾಕ ಹಾಕಾಕತ್ತೇನ್ರಿ. ನೀವೂ ಕುಂದರ್ರಿ, ಉಣ್ರಿ."

ಕುಳಿತರು. ಆರು ಕಡಬು ತಿಂದರು. ಪುಂಡಿಪಲ್ಯವನ್ನು ಕೇಳಿ ಹಾಕಿಸಿಕೊಂಡರು. ಕೈ ತೊಳೆದು ವರದಿ ಬರೆದರು: ‘ಅನುಮತಿ ಪಟ್ಟಿಯಲ್ಲಿಲ್ಲದ ಪದಾರ್ಥವನ್ನು ಹೊಲದ ತುಂಬ ಎರಚಲಾಗಿದೆ. ಪದಾರ್ಥದ ಸ್ವರೂಪ ತಿಳಿದುಬಂದಿಲ್ಲ.’ ಆರು ತಿಂದರೂ ಸ್ವರೂಪ ತಿಳಿಯಲಿಲ್ಲವೆಂದರೆ ಏಳನೆಯದನ್ನೂ ಬಡಿಸಬೇಕಿತ್ತೇ? ಉಂಡ ಮನೆಯ ಜಂತೆ ಎಣಿಸುವವರ ಬಗ್ಗೆ ಕೇಳಿದ್ದೆ, ಈಗ ಕಣ್ಣಾರೆ ನೋಡಿದೆ.

ಕಡಬಿನ ಬೇಳೆ, ಬೆಲ್ಲ, ಗೋದಿಗೆ ಸಾವಯವ ಪ್ರಮಾಣಪತ್ರ ತನ್ನಿ, ಇಲ್ಲವೇ ಮೂರು ವರ್ಷವನ್ನು ಮೊದಲಿನಿಂದ ಆರಂಭಿಸಿ ಎಂದು ತಮ್ಮ ನೋಟಿಸು ಹೇಳುತ್ತದೆ. ನಮ್ಮೂರಿನವನೇ ಆದ ದ್ಯಾಮೇಶ ತನ್ನ ಹತ್ತಿಗೆ ಈ ವರ್ಷ ಹನ್ನೊಂದು ಸಲ ಔಷಧಿ ಹೊಡೆದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಹನ್ನೊಂದು ಸಲ ವಿಷ ಹೊಡೆಯಲು ಬೇಡವಾದ ಕಾಗದ ಒಂದು ಬುಟ್ಟಿ ಕಡಬಿಗೆ ಬೇಕೇ?

ನೋಟಿಸನ್ನು ಅತ್ತೆಗೆ ಓದಿ ಹೇಳಿದವಳು ನಾನೇ. ಅಂದಿನಿಂದ ಅವರು ಹೊಲಕ್ಕೆ ಕಾಲಿಟ್ಟಿಲ್ಲ. "ನನ್ನ ಕೈಲಿಂದ ಭೂಮಿ ಕೆಟ್ಟತೇನ, ಪುಷ್ಪಾ?" ಎಂದು ದಿನವೂ ಕೇಳುತ್ತಾರೆ. ನನಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ.

ಪ್ರಮಾಣಪತ್ರ ಕೊಡಿ. ಆಗದಿದ್ದರೆ ತಾವೇ ನಮ್ಮೂರು ಸವಡಿಗೆ ಬನ್ನಿ. ಐವತ್ತು ವರ್ಷ ಈ ಮಣ್ಣಿಗೆ ಉಣಿಸಿದ ಮುದುಕಿಯ ಎದುರು ಕುಳಿತು, ಅವರ ಕೈ ಹಿಡಿದು, ಈ ಕೈಯೇ ಹೊಲವನ್ನು ಕೆಡಿಸಿತು ಎಂದು ತಮ್ಮ ಬಾಯಿಂದಲೇ ಹೇಳಿ. ಆ ಮಾತನ್ನು ಇನ್ನೊಮ್ಮೆ ಓದಿ ಹೇಳಲು ನನ್ನಿಂದಾಗದು.

ಇಂತಿ,
ಮೂರು ವರ್ಷ ಮುಗಿಸಿ ಮತ್ತೆ ಮೊದಲನೇ ವರ್ಷಕ್ಕೆ ಬಂದು ನಿಂತ
ಪುಷ್ಪಾವತಿ
ಸವಡಿ, ರೋಣ ತಾಲ್ಲೂಕು