ಜೂನ್ ಒಂದರ ಮಕ್ಕಳು

ಗೊರೇಬಾಳ
ಸೋಮವಾರ, 10 ಜೂನ್ 2024

ಪ್ರೀತಿಯ ಶಿವರಾಜಾ,

ಹೇಗಿದ್ದೀಯಪ್ಪಾ? ಎಡಮೊಣಕಾಲಿನ ಬಾವು ಇಳಿಯಿತೇ? ಪುಣೆಯಲ್ಲಿ ಊಟಕ್ಕೆ ಚಪಾತಿಯೇ ಗತಿ, ಜೋಳದ ರೊಟ್ಟಿ ಕಣ್ಣಿಗೂ ಬೀಳುವುದಿಲ್ಲ ಎಂದು ನಿಮ್ಮವ್ವನ ಮುಂದೆ ಅಂದೆಯಂತೆ. ಅವಳಿಗೆ ಫೋನು ಮಾಡುತ್ತೀ, ನನ್ನದು ಎತ್ತುವುದಿಲ್ಲ. ಇರಲಿ. ಎತ್ತದವನಿಗೆ ಎಷ್ಟು ಸಲ ಫೋನು ಹೊಡೆಯುವುದು ಎಂದು ಕಾಗದಕ್ಕೆ ಕೂತಿದ್ದೇನೆ. ನಿಮಗೆ ಕಬಡ್ಡಿ ಕಲಿಸಿದ ನಾಸೀರ್ ಮಾಸ್ತರು ನಾಳೆ ಸಂಜೆ ನಿನ್ನ ಶಿಬಿರಕ್ಕೆ ಹೊರಡುತ್ತಾರೆ, ಅವರ ಕೈಯಲ್ಲೇ ಕಳಿಸುತ್ತೇನೆ. ನನ್ನದು ಹೀಗೇ ನಡೆದಿದೆ. ಕಾಲುವೆಗೆ ಇನ್ನೂ ನೀರು ಬಿಟ್ಟಿಲ್ಲ, ಶೆಕೆ ತಡೆಯಲಾಗುವುದಿಲ್ಲ, ನಾಲ್ಕು ಹೆಜ್ಜೆ ನಡೆದರೆ ಎಲ್ಲಿಯಾದರೂ ಕೂರೋಣ ಅನ್ನಿಸುತ್ತದೆ. ನಿಮ್ಮಪ್ಪನಿಗೆ ಬಸ್ ಡಿಪೋದಲ್ಲಿ ರಜೆ ಸಿಕ್ಕಿಲ್ಲ. ನಿಮ್ಮವ್ವ ಗಾಳೆಮ್ಮ ಆರಾಮ ಇದ್ದಾಳೆ, ಮಾತು ಮಾತ್ರ ಕಡಿಮೆ.

ನೀನು ಕೊನೆಯ ಸಲ ಫೋನಿನಲ್ಲಿ ಅಂದ ಮಾತು ಕಿವಿಯಲ್ಲೇ ಕೂತಿದೆ. “ತಾತಾ, ಊರ ಮಂದಿ ಮಕ್ಕಳಿಗೆಲ್ಲ ಜೂನ್ ಒಂದು ಅಂತ ಬರದಿ, ಖರೆ. ನನಗೂ ಹಂಗ ಬರೀಬೇಕಿತ್ತೇನು? ನೀ ನನ್ನ ತಾತ ಇದ್ದಿ.” ಇಷ್ಟೇ ಹೇಳಿ ನೀನು ಫೋನು ಇಟ್ಟೆ. ಡ್ರಾಫ್ಟಿನ ಹೊಸ ಆಟಗಾರರ ಪಟ್ಟಿಯಲ್ಲಿ ಇರಬೇಕಾದರೆ ಈ ಜೂನ್ ಒಂದಕ್ಕೆ ಇಪ್ಪತ್ತೆರಡು ತುಂಬಿರಬಾರದಂತೆ. ನಿನ್ನ ಮಾರ್ಕ್ಸ್ ಕಾರ್ಡಿನ ಪ್ರಕಾರ ಅದೇ ದಿನ ತುಂಬಿತು. ಒಂದೇ ಒಂದು ದಿನದ ಸಲುವಾಗಿ ನಿನ್ನ ಹೆಸರಿಗೆ ಗೆರೆ ಎಳೆದಿದ್ದಾರೆ. ಆ ದಿನಾಂಕವನ್ನು ಶಾಲೆಯ ದಾಖಲಾತಿ ಪುಸ್ತಕದಲ್ಲಿ ಬರೆದ ಕೈ ಇದೇ, ಈಗ ನಿನಗೆ ಕಾಗದ ಬರೆಯುತ್ತಿರುವ ಕೈ.

ಡ್ರಾಫ್ಟ್ ಅಂದರೇನು ಎಂದು ನಾಸೀರ್ ಮಾಸ್ತರು ನನಗೆ ಮೂರು ಸಲ ತಿಳಿಸಿ ಹೇಳಿದರು. ಎಂಟು ತಂಡದವರು ಸಾಲಾಗಿ ಕೂತು, ಸರದಿಯ ಮೇಲೆ ಒಬ್ಬೊಬ್ಬರ ಹೆಸರು ಕರೆಯುತ್ತಾರಂತೆ. ಇಷ್ಟೇನಾ ಅಂದೆ. ನಮ್ಮ ಶಾಲೆಯ ಅಂಗಳದಲ್ಲಿ ಇಬ್ಬಿಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ಬಂದು “ಹುಲಿ ಬೇಕೋ, ಸಿಂಹ ಬೇಕೋ” ಎಂದು ಕೇಳುತ್ತಿದ್ದಿರಲ್ಲ, ಅದೇ ಆಟ. ಯಾರೂ ಕರೆಯದೆ ಕೊನೆಗೆ ಉಳಿದ ಹುಡುಗನ ಮುಖ ನಾನು ನೋಡಿದ್ದೇನೆ. ಆದರೆ ಸಾಲಿನಲ್ಲಿ ನಿಲ್ಲುವುದಕ್ಕೇ ಬಿಡದಿದ್ದರೆ ಆ ಮುಖ ಹೇಗಿರುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ.

ಸಿಂಧನೂರಿನ ನಿಮ್ಮ ಸಣ್ಣ ಕಾಲೇಜಿನಿಂದ ಇಲ್ಲಿಯವರೆಗೆ ಯಾರೂ ಅಷ್ಟು ದೂರ ಹೋದವರಿಲ್ಲ. ಮ್ಯಾಟ್ ಎಂಬುದನ್ನು ನೀವು ಟೀವಿಯಲ್ಲಿ ಕಂಡವರು. ನಾಸೀರ್ ಮಾಸ್ತರು ಅಕ್ಕಿ ಗಿರಣಿಯಿಂದ ಹೊಟ್ಟು ಬೇಡಿ ತಂದು, ನೆಲಕ್ಕೆ ಮೊಣಕಾಲುದ್ದ ಸುರಿದು, ಮೇಲೆ ತಾಡಪತ್ರಿ ಬಿಗಿದು ಅದನ್ನೇ ಮ್ಯಾಟ್ ಎಂದು ಕರೆದರು. ಮೈಯೆಲ್ಲ ಹೊಟ್ಟು ಹತ್ತಿಸಿಕೊಂಡು ಬಂದು ನೀನು ಹಾಸಿಗೆ ತುಂಬ ಉದುರಿಸುತ್ತಿದ್ದೆ, ನಿಮ್ಮವ್ವ ಬಯ್ಯುತ್ತಿದ್ದಳು. ಹೊಸ ಆಟಗಾರರನ್ನು ಹುಡುಕುವ ಒಂದು ತಂಡದ ಮನುಷ್ಯ ಬಂದದ್ದು ಬೇರೆ ಕಾಲೇಜಿನ ಹುಡುಗನನ್ನು ನೋಡಲು. ಬಲಮೂಲೆಯಲ್ಲಿ ಸುಮ್ಮನೆ ನಿಂತು, ಬಂದವರ ಕಣಕಾಲನ್ನು ಇಕ್ಕಳದ ಹಾಗೆ ಹಿಡಿಯುವ ನಿನ್ನನ್ನು ನೋಡಿ ಹೋದ. ಬಿ.ಎ.ಯ ಮೂರು ವರ್ಷವನ್ನು ನಾಲ್ಕು ವರ್ಷ ಓದಿದವನು ನೀನು, ನಿನಗೆ ಬೇರೆ ನೌಕರಿಯ ಆಸೆ ನಾನಂತೂ ಇಟ್ಟುಕೊಂಡಿಲ್ಲ. ಕೋಪ ಮಾಡಿಕೊಳ್ಳಬೇಡ, ಹೆಡ್ ಮಾಸ್ತರನ ಬಾಯಿ ನಿವೃತ್ತಿಯಾಗುವುದಿಲ್ಲ.

ಆ ಕಾಲದಲ್ಲಿ ಹೇಗಿತ್ತು ಎನ್ನುವುದು ನಿನಗೆ ಗೊತ್ತು. ಮಗುವಿನ ಕೈ ಹಿಡಿದು ಬಂದ ತಂದೆಯನ್ನು ಹುಟ್ಟಿದ್ದು ಯಾವಾಗ ಎಂದು ಕೇಳಿದರೆ, “ನಮ್ಮ ಕರಿ ಎಮ್ಮಿ ಈದ ವರ್ಷ ನೋಡ್ರಿ” ಅನ್ನುತ್ತಿದ್ದ. ಎಮ್ಮೆ ಯಾವಾಗ ಕರು ಹಾಕಿತು ಎಂದು ನಾನು ಎಲ್ಲಿ ಹುಡುಕಲಿ? ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೋಗಲಿ ಎಂದು ಜೂನ್ ಒಂದು ಬರೆಯುತ್ತಿದ್ದೆ. ನನಗೂ ನನ್ನ ಮಾಸ್ತರು ಅದನ್ನೇ ಬರೆದಿದ್ದರು. ಆದ್ದರಿಂದಲೇ 2009ರ ಮೇ ಕೊನೆಯ ದಿನ ನನ್ನನ್ನು ಶಾಲು ಹೊದಿಸಿ ಮನೆಗೆ ಕಳಿಸಿದರು. ನಮ್ಮ ಕೇರಿಯಿಂದ ಹೆಡ್ ಮಾಸ್ತರನಾದ ಮೊದಲನೆಯವನು ನಾನು. ಅಂಬಪ್ಪ ಮಾಸ್ತರ ಬರೆದ ಅಕ್ಷರ ಅಳಿಸಬೇಕಾಗುವುದಿಲ್ಲ ಎಂದು ಜನ ಅನ್ನುತ್ತಿದ್ದರು. ಆ ಮಾತನ್ನು ನಾನು ಪಿಂಚಣಿಗಿಂತ ಹೆಚ್ಚು ಜೋಪಾನ ಮಾಡಿಕೊಂಡು ಬಂದವನು.

ಶುಕ್ರವಾರ ಲಿಂಗಸುಗೂರಿಗೆ ಹೋಗಿದ್ದೆ. ನೀನು ಹುಟ್ಟಿದ್ದು ಅಲ್ಲಿ, ನಿಮ್ಮವ್ವನ ತವರಿನಲ್ಲಿ, ಸರ್ಕಾರಿ ದವಾಖಾನೆಯಲ್ಲಿ. ಜನನ ಪತ್ರ ಸಿಕ್ಕರೆ, ಜೊತೆಗೆ ಶಾಲೆಯ ದಿನಾಂಕ ಹೇಗೆ ತಪ್ಪಾಯಿತು ಎಂದು ಬರೆದವನೇ ಅಫಿಡವಿಟ್ ಕೊಟ್ಟರೆ, ಪಟ್ಟಿ ನೋಡುವವರು ಇನ್ನೊಮ್ಮೆ ಯೋಚಿಸಬಹುದು ಎಂದು ನಾಸೀರ್ ಮಾಸ್ತರು ಹೇಳಿದ್ದರು. ನಿಮ್ಮವ್ವ ಏನೂ ಕೇಳದೆ ರೊಟ್ಟಿ ಕಟ್ಟಿ ಕೊಟ್ಟಳು. ಸಿಂಧನೂರಿನಲ್ಲಿ ಬಸ್ಸು ಹತ್ತಿದಾಗ ಸೀಟಿರಲಿಲ್ಲ. ಮಸ್ಕಿಯವರೆಗೆ ನಿಂತು, ತಲೆ ಸುತ್ತಿ ಇಳಿದುಬಿಟ್ಟೆ. ಬಸ್ ಸ್ಟ್ಯಾಂಡಿನ ಎದುರು ಚಹಾದಂಗಡಿ ಇಟ್ಟಿರುವ ಮೌಲಾಹುಸೇನ ನನ್ನನ್ನು ಗುರುತಿಸಿ ಓಡಿ ಬಂದ. ನನ್ನ ಹಳೆಯ ವಿದ್ಯಾರ್ಥಿ, ಮಗ್ಗಿ ಹದಿಮೂರರ ಮುಂದೆ ಹೋದವನಲ್ಲ. ನೀರು ಕೊಟ್ಟು, ಫ್ಯಾನಿನ ಕೆಳಗೆ ಕೂರಿಸಿ, ವಿಷಯ ಕೇಳಿ ನಕ್ಕ. “ಸರ್, ನಮ್ಮ ಮನ್ಯಾಗ ಐದು ಮಂದಿ ಅಣ್ಣತಮ್ಮರು. ಐದೂ ಮಂದಿಗೂ ನೀವ ಜೂನ್ ಒಂದು ಬರದೀರಿ. ನನ್ನ ಮಗಳು ಒಂದ ಕೇಕ್ ತಂದು ಎಲ್ಲಾರ ಕಡೆಯಿಂದ ಕತ್ತರಿಸ್ಯಾಳ ನೋಡ್ರಿ.” ಚಹಾಕ್ಕೆ ದುಡ್ಡು ಮುಟ್ಟಲಿಲ್ಲ. ಮುಂದಿನ ಬಸ್ಸು ಹತ್ತಿದೆ.

ಲಿಂಗಸುಗೂರಿನಲ್ಲಿ ಕಚೇರಿಯಿಂದ ಕಚೇರಿಗೆ ಅಲೆದು, ಊಟದ ಹೊತ್ತು ಮೀರಿದ ಮೇಲೆ ಜನನ ಪತ್ರದ ನಕಲು ಸಿಕ್ಕಿತು. 20 ಆಗಸ್ಟ್ 2003. ಶ್ರಾವಣದ ಬುಧವಾರ. ಅಂದರೆ ನಿನಗೆ ಇಪ್ಪತ್ತೊಂದೂ ತುಂಬಿಲ್ಲ, ಹುಡುಗಾ. ಹೊರಗೆ ಬೇವಿನ ಗಿಡದ ಕೆಳಗೆ ಟೈಪ್ ಮಾಡುವ ಮಾಸುಂಬಿ ಎಂಬ ಹೆಣ್ಣುಮಗಳು ಅಫಿಡವಿಟ್ ಮಾಡಿಕೊಟ್ಟಳು. ಹೇಗೆ ತಪ್ಪಾಯಿತು ಎಂದು ಬರೆಯುವ ಜಾಗಕ್ಕೆ ಬಂದಾಗ ನಾನು ತಡವರಿಸಿದೆ. ಅವಳೇ ದಾರಿ ತೋರಿಸಿದಳು. “ಸರ್, ‘ಕಣ್ತಪ್ಪಿನಿಂದ’ ಅಂತ ಹಾಕ್ತೀನ್ರಿ. ಎಲ್ಲಾರೂ ಅದನ್ನ ಹಾಕಿಸ್ತಾರ. ನಿಮಗೂ ಚಲೋ, ಹುಡುಗಗೂ ಚಲೋ.” ಹಾಕಮ್ಮಾ ಅಂದೆ. ರುಜು ಮಾಡಿದೆ. ಜನನ ಪತ್ರದ ಜೊತೆ ಅದನ್ನೂ ಈ ಲಕೋಟೆಯಲ್ಲಿ ಇಡುತ್ತಿದ್ದೇನೆ. ನಾಸೀರ್ ಮಾಸ್ತರು ಅದನ್ನು ಓದಿ ಗದ್ದ ತುರಿಸಿಕೊಂಡರು. “ಕಣ್ತಪ್ಪು ಅಂದ್ರ ನಂಬೂದು ಕಷ್ಟ ಐತ್ರಿ ಸರ್. ಒಂದು ವರ್ಷದ ಮ್ಯಾಲೆ ಫರಕ್ ಐತಿ. ಆದ್ರೂ ನೋಡೋಣು, ನಸೀಬು” ಎಂದರು.

ಬೇಗ ದಣಿಯುತ್ತೇನೆ ಶಿವರಾಜಾ. ನನ್ನ ಕೈಯಿಂದ ಎಷ್ಟಾಗುತ್ತದೋ ಅಷ್ಟು ಮಾಡಿದ್ದೇನೆ. ಬರುವ ಭಾನುವಾರ ಹೆಸರು ಕರೆಯುವ ಹೊತ್ತಿಗೆ ನಿನ್ನನ್ನು ಸಾಲಿನಲ್ಲಿ ನಿಲ್ಲಿಸಿದರೆ ಒಳ್ಳೆಯದು, ನಿಲ್ಲಿಸದಿದ್ದರೆ ಬಸ್ಸು ಹತ್ತಿ ಬಂದುಬಿಡು, ಹೊಟ್ಟಿನ ಮ್ಯಾಟು ಎಲ್ಲಿಯೂ ಹೋಗಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು. ಮೊಣಕಾಲಿಗೆ ಬಿಸಿನೀರಿನ ಕಾವು ಕೊಡು. ದೊಡ್ಡವರ ಮಾತಿಗೆ ಎದುರಾಡಬೇಡ, ತಾತನ ಮಾತಿಗೆ ಬೇಕಾದರೆ ಆಡು. ನಿಮ್ಮಪ್ಪ, ನಿಮ್ಮವ್ವ ಇಬ್ಬರೂ ನೆನೆಸಿದ್ದಾರೆ. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಹಿಡಿದದ್ದು ಜಾರದಿರಲಿ. ಜೈ ಭೀಮ್.

ಇಂತಿ ನಿನ್ನ ತಾತ,
ಅಂಬಪ್ಪ

ಮರೆತ ಸಾಲು — ಮಂಗಳವಾರ ಸಂಜೆ. ನಾಸೀರ್ ಮಾಸ್ತರ ಗಾಡಿ ಬಾಗಿಲಲ್ಲಿ ನಿಂತಿದೆ, ಅಕ್ಷರ ಸೊಟ್ಟಗಾದರೆ ಬಯ್ಯಬೇಡ. ಮೇಲೆ ಹೇಳಿದ ಅಫಿಡವಿಟ್ ಈ ಲಕೋಟೆಯಲ್ಲಿಲ್ಲ. ಬೆಳಿಗ್ಗೆ ಅದನ್ನು ಒಲೆಗೆ ಹಾಕಿ, ಸಿಂಧನೂರಿಗೆ ಹೋಗಿ ಬೇರೆ ಮಾಡಿಸಿದೆ. ಅದರಲ್ಲಿ ‘ಕಣ್ತಪ್ಪಿನಿಂದ’ ಇಲ್ಲ, ‘ಗೊತ್ತಿದ್ದೂ’ ಎಂದಿದೆ. ಇನ್ನೊಂದು ಮಾತು. ಲಿಂಗಸುಗೂರಿಗೆ ನಾನು ಹೋಗಬೇಕಾಗಿಯೇ ಇರಲಿಲ್ಲ. ನಿನ್ನ ಜನನ ಪತ್ರ ಹದಿನಾರು ವರ್ಷದಿಂದ ನನ್ನ ಟ್ರಂಕಿನ ತಳದಲ್ಲಿತ್ತು. ಶಾಲೆಗೆ ಸೇರಿಸುವ ದಿನ ನಿಮ್ಮವ್ವನೇ ತಂದು ಕೊಟ್ಟಿದ್ದಳು. “ಮಾವಾ, ಇನ್ನೂ ಐದು ತುಂಬಿಲ್ರಿ. ಒಂದು ವರ್ಷ ಆಡಿಕೊಂಡಿರಲಿ ಬಿಡ್ರಿ” ಅಂದಿದ್ದಳು. ನಾನು ಬಿಡಲಿಲ್ಲ. ಅದನ್ನು ಮಡಚಿಟ್ಟು ಜೂನ್ ಒಂದು ಬರೆದೆ. ಅವಳು ಇವತ್ತಿನವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಆ ಮನುಷ್ಯ ನಾನೇ. ನನ್ನ ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು ಕಣಪ್ಪಾ. ನನ್ನ ಮೊಮ್ಮಗ ನನ್ನ ತರಗತಿಯಲ್ಲಿ ನನ್ನ ಎದುರು ಕೂತು ಅ ಆ ತಿದ್ದುವುದನ್ನು ನೋಡಬೇಕಾಗಿತ್ತು. ಅದಕ್ಕೋಸ್ಕರ ನಿನ್ನ ವಯಸ್ಸಿಗೆ ಒಂದು ವರ್ಷದ ಮೇಲೆ ಸೇರಿಸಿಬಿಟ್ಟೆ. ಇದನ್ನೆಲ್ಲ ಹೊಸ ಅಫಿಡವಿಟ್ಟಿನಲ್ಲಿ ಬರೆಸಿದ್ದೇನೆ, ಯಾರು ಓದಿದರೂ ಸರಿ, ಪಿಂಚಣಿಗೆ ಕೈ ಹಾಕಿದರೂ ಸರಿ, ನೀನೇ ಕೈಯಾರೆ ಕೊಡು. ಬರೆಸದೆ ಬಿಟ್ಟದ್ದು ಒಂದೇ. ಅಷ್ಟು ಮಾಡಿದರೂ ನೀನು ಆ ವರ್ಷವಿಡೀ ಕೂರಲೇ ಇಲ್ಲ. ನಾನು ಬೋರ್ಡಿನ ಕಡೆ ತಿರುಗಿದರೆ ಸಾಕು, ನೀನು ಕಿಟಕಿ ಹಾರಿ ದೊಡ್ಡ ಹುಡುಗರ ಕಬಡ್ಡಿಯಲ್ಲಿರುತ್ತಿದ್ದೆ. ಎಷ್ಟೋ ಸಲ ಗೊತ್ತಿದ್ದೂ ಬೋರ್ಡಿನ ಕಡೆಗೇ ತಿರುಗಿ ನಿಂತಿದ್ದೇನೆ. ಹಾರ್ನ್ ಹೊಡೆಯುತ್ತಿದ್ದಾರೆ. ಫೋನ್ ಎತ್ತು.