ಒರತೆಯ ಪರವಾಗಿ ಒಂದು ಮಾತು

ಏಪ್ರಿಲ್ ೯, ಬೆಳಿಗ್ಗೆ
ಸೌದೆ ತಂದೆ. ನಾಯಿಗಳಿಗೆ ಹಾಕಿದೆ. ತಲೆಗೆ ಸೂತಕದ ಬಿಳಿ ಮಣ್ಣು ಮತ್ತೆ ಬಳಿದುಕೊಂಡೆ. ನಿನ್ನೆಯದು ಬೆವರಿಗೆ ಇಳಿದು ಕಣ್ಣಿಗೆ ಹೋಗಿತ್ತು.
ಹೆಂಗಸರ ಬಿಡಾರದಲ್ಲಿ ಎಲ್ಲರೂ ಗಂಡನನ್ನು ಕಳೆದುಕೊಂಡವರೇ. ಅವರೆಲ್ಲ ಮಾತಾಡುತ್ತಾರೆ. ನಾನಿಲ್ಲ. ನನ್ನ ಯಜಮಾನರು ಹೋದ ದಿನದಿಂದ ನನ್ನ ಬಾಯಿ ಮುಚ್ಚಿದೆ. ಅವರ ತಮ್ಮ ಕಾಂಗರೂ ಮಾಂಸ ತಂದು ಬಾಯಿ ಬಿಡಿಸುವವರೆಗೆ ಹೀಗೇ. ಅಲ್ಲಿಯತನಕ ಕೈಮಾತು.
ಬರೆಯುವುದು ಮಾತಾಡಿದ ಹಾಗಾಗುತ್ತದೆಯೇ ಎಂದು ಕೈಯಲ್ಲೇ ಕೇಳಿದೆ. ಬೆರಿಲ್ ನಕ್ಕಳು. ಅವರ ಅಕ್ಕ ಅವಳು, ಈಗ ನನ್ನ ಪಕ್ಕದ ಹಾಸಿಗೆ.
"ಸದ್ದು ಬರುತ್ತಾ? ಇಲ್ವಲ್ಲ. ಬರ್ಕೋ. ಓದೋರಾದ್ರೂ ಯಾರು? ನಿನ್ನ ಅಕ್ಷರ ನೋಡಿದ್ರೆ ಕೋಳಿ ಕೆದಕಿದ ಹಾಗಿದೆ."
ಮಿಷನ್ ಶಾಲೆಯಲ್ಲಿ ಅಷ್ಟೇ ಕಲಿಸಿದ್ದು.
ಸತ್ತವರ ಹೆಸರು ಎತ್ತುವಂತಿಲ್ಲ, ಅವರ ಹೆಸರು ಇಲ್ಲೂ ಬರೆಯುವುದಿಲ್ಲ. ಅಂಗಡಿಯ ಲಾರಿ ಓಡಿಸುವವನಿಗೂ ಅದೇ ಹೆಸರು. ಈಗ ಊರೆಲ್ಲ ಅವನನ್ನು 'ಹೆಸರಿಲ್ಲದವ' ಅಂತ ಕರೆಯುತ್ತದೆ. ಪಾಪ, ಕರೆದಾಗ ಒಮ್ಮೊಮ್ಮೆ ತಿರುಗುವುದೇ ಇಲ್ಲ.

ಏಪ್ರಿಲ್ ೧೪
ಸೆಸಿಲ್ ಬಂದಿದ್ದ. ಅವರ ತಮ್ಮ. ಹೊಸ ಟೊಯೋಟಾ, ಬಾಗಿಲ ಮೇಲೆ ಗಣಿಯವರ ಗುರುತು. ನಮ್ಮ ಬಿಡಾರದೊಳಗೆ ಗಂಡಸರು ಬರುವಂತಿಲ್ಲ. ಬೇಲಿಯಾಚೆಯಿಂದಲೇ ಕೂಗಿದ.
"ಅಕ್ಕಾ, ಅತ್ತಿಗೆಗೆ ಹೇಳು. ಗಣಿ ರಸ್ತೆ ಆ ಒರತೆ ಮೇಲೇ ಹೋಗ್ಬೇಕಂತೆ. ಮುಂದಿನ ತಿಂಗಳು ಮೀಟಿಂಗ್ ಇಟ್ಟಿದೀವಿ."
"ಅವಳ ಬಾಯಿ ಮುಚ್ಚಿದೆಯಲ್ಲೋ! ಒರತೆ ಅವಳ ಅಪ್ಪಂದು. ಅವಳನ್ನ ಬಿಟ್ರೆ ಅದರ ಪರ ಮಾತಾಡೋರು ಯಾರಿದಾರೆ?"
"ಅದಕ್ಕೆ ನಾನೇನ್ ಮಾಡ್ಲಿ? ಅಣ್ಣಂಗೆ ಈಗಲೇ ಸಾಯಿ ಅಂತ ನಾನ್ ಹೇಳಿದ್ನಾ?"
"ಮೀಟಿಂಗ್ ಮುಂದಕ್ಕೆ ಹಾಕು."
"ಆಗಲ್ಲ."
"ಹಾಗಾದ್ರೆ ಮಾಂಸ ತಂದು ಬಾಯಿ ಬಿಡಿಸು. ನಮ್ಮ ಬಿಡಾರದ ಟಾಪ್ಸಿಗೆ ಬೇಗ ಬಿಡಿಸಿರ್ಲಿಲ್ವಾ?"
"ಟಾಪ್ಸಿ ಗಂಡ ಕುಡುಕ. ನಮ್ಮಣ್ಣನೂ ಅವನೂ ಒಂದೇನಾ? ನೀನೇ ಹೇಳು ಅಕ್ಕ, ಇಷ್ಟು ಬೇಗ ಅತ್ತು ಮುಗಿಸಿಬಿಡೋಣ್ವಾ?"
ಬೆರಿಲ್‌ಗೆ ಅಳು ಬಂತು. ಸೆಸಿಲ್ ಇಂಜಿನ್ ಆರಿಸಿರಲೇ ಇಲ್ಲ.

ಏಪ್ರಿಲ್ ೧೫
ನಿದ್ದೆಯಿಲ್ಲ.
ಬೇಡ ಅಂತ ಬರೆದುಕೊಡಬಹುದಿತ್ತು. ಕಾಗದ ನಡೆಯುವುದಿಲ್ಲ. ಹಿಂದೆ ಗಣಿಯವರು ನಮ್ಮ ಮುದುಕರ ಹೆಬ್ಬೆಟ್ಟು ಒತ್ತಿಸಿಕೊಂಡು ಇಡೀ ಗುಡ್ಡ ಬರೆಸಿಕೊಂಡಿದ್ದರು. ಅದಕ್ಕೇ ನಮ್ಮ ಪರಂಪರೆ ನೋಡಿಕೊಳ್ಳಲು ನಮ್ಮದೇ ಸಮಿತಿ ಆದಾಗ ನಮ್ಮ ಯಜಮಾನರು ಹಠ ಹಿಡಿದು ನಿಯಮ ಮಾಡಿಸಿದರು. ಕಾಗದ ಬೇಡ. ಯಾರ ನೆಲವೋ ಅವರು ಕೂಟದಲ್ಲಿ ಕೂತು ಬಾಯಿಬಿಟ್ಟು ಹೇಳಬೇಕು. ಬೇಡ ಅಂದರೆ ಮುಗಿಯಿತು, ಯಾರೂ ಮುಟ್ಟುವಂತಿಲ್ಲ. ಸುಮ್ಮನಿದ್ದರೆ ಒಪ್ಪಿದ ಹಾಗೆ.
ಅವತ್ತು ಎಷ್ಟು ಕುಣಿದಾಡಿದ್ದರು! ಇನ್ನು ನಮಗೆ ಯಾರೂ ಮೋಸ ಮಾಡೋಕಾಗಲ್ಲ ಕಣೇ, ಅಂದಿದ್ದರು.
ಆ ಸಮಿತಿಗೆ ಈಗ ಸೆಸಿಲ್ ಅಧ್ಯಕ್ಷ.

ಏಪ್ರಿಲ್ ೨೮, ಸಂಜೆ
ಬೆರಿಲ್ ಮಾಂಸ ಕೇಳಲು ಸೆಸಿಲ್ ಮನೆಗೆ ಹೋಗಿ ಬಂದಳು. ಚಪ್ಪಲಿ ಬಿಸಾಕಿ ಕೂತಳು.
"ಕಾಂಗರೂನೇ ಸಿಗ್ತಿಲ್ಲ ಅಕ್ಕ, ಕಾಲ ಸರಿಯಿಲ್ಲ ಅಂತಾನೆ. ಅಂಗಳದಲ್ಲಿ ಅವನ ನಾಯಿಗಳು ಕಾಂಗರೂ ಬಾಲದ ಮೂಳೆ ಕಡೀತಾ ಬಿದ್ದಿದ್ವು ಕಣೇ! ನಾನು ನೋಡ್ತಾ ಇದೀನಿ, ಅವನೂ ನೋಡ್ತಾ ಇದಾನೆ."
ಹೇಳುತ್ತಾ ನಕ್ಕುಬಿಟ್ಟಳು. ನನಗೂ ನಗು ಬಂತು. ಸದ್ದಿಲ್ಲದೆ ನಗುವುದು ಕಷ್ಟ, ಪಕ್ಕೆ ನೋಯುತ್ತದೆ.

ಮೇ ೫, ಸಂಜೆ
ಬರೆದುಬಿಡುತ್ತೇನೆ.
ಬ್ಯಾಸ್ಕೆಟ್‌ಬಾಲ್ ಅಂಗಳದ ಚಪ್ಪರದಡಿ ಮೀಟಿಂಗ್. ಗಂಡಸರು ಒಂದು ಕಡೆ, ನಾವು ಒಂದು ಕಡೆ. ನಡುವೆ ಜೊವಾನ. ಸಮಿತಿಗೆ ನೆರವಾಗಲೆಂದು ಪಟ್ಟಣದ ಕಚೇರಿ ಕಳಿಸಿದ ಬಿಳಿ ಹೆಂಗಸು. ಒಳ್ಳೆಯವಳು. ನಮ್ಮ ಹಾಗೆ ನೆಲದ ಮೇಲೇ ಕೂತಿದ್ದಳು.
ಒರತೆಯ ವಿಷಯ ಬಂತು. ನಾನು ಕೈಮಾತಲ್ಲಿ ಬೇಡ ಅಂದೆ. ಬೆರಿಲ್ ಜೋರಾಗಿ ಹೇಳಿದಳು: "ಬೇಡ ಅಂತಿದಾಳೆ!"
ಸೆಸಿಲ್ ಅವಳ ಕಡೆ ನೋಡಲೂ ಇಲ್ಲ. "ಅಕ್ಕ, ಆ ನೀರು ನಮ್ಮ ಮನೆತನದ್ದಲ್ಲ. ಅದರ ಬಗ್ಗೆ ನೀನೂ ಬಾಯಿ ಹಾಕೋ ಹಾಗಿಲ್ಲ, ನಾನೂ ಹಾಕೋ ಹಾಗಿಲ್ಲ. ಬಾಯಿಬಿಟ್ಟು ಹೇಳಿದ್ರೇ ಮಾತು ಅಂತ ಅಣ್ಣನೇ ತಾನೇ ನಿಯಮ ಮಾಡಿದ್ದು?"
ಆಮೇಲೆ ಎಲ್ಲರನ್ನೂ ಕೇಳಿದ. "ಒರತೆ ಪರವಾಗಿ ಯಾರಾದ್ರೂ ಇದೀರಾ?"
ಮೆಲ್ಲಗೆ ಕೇಳಿದ. ನನ್ನನ್ನೇ ನೋಡುತ್ತಾ ಕೇಳಿದ.
ಜೊವಾನ ಒಪ್ಪಿಗೆ ಅಂತ ಬರೆದುಕೊಳ್ಳಲು ಪೆನ್ನು ಕಾಗದಕ್ಕೆ ಇಳಿಸಿದಳು.
"ಬೇಡ."
ನನ್ನದೇ ದನಿ. ತುಕ್ಕು ಹಿಡಿದ ಗೇಟಿನ ಹಾಗಿತ್ತು.
ಮೊದಲು ಬೆರಿಲ್ ಚೀರಿದಳು. ಸಾವಿನ ದಿನ ಚೀರಿದ ಹಾಗೇ. ಎದೆ ಬಡಿದುಕೊಂಡಳು. "ನನ್ ತಮ್ಮನ್ನ ಮತ್ತೊಂದ್ಸಲ ಕೊಂದ್ಯಲ್ಲೇ! ಅವನು ಇನ್ನೂ ಇಲ್ಲೇ ಸುತ್ತಾಡ್ತಿದಾನೆ, ಕೇಳಿಸ್ಕೊಂಡಿರ್ತಾನೆ. ಹೆಂಡ್ತಿ ಮರೆತಳು ಅಂದ್ಕೊಂಡಿರ್ತಾನೆ!"
ಸೆಸಿಲ್ ಅವಳು ಸುಮ್ಮನಾಗುವ ತನಕ ಕಾದ. ಅವಸರವೇ ಇಲ್ಲ ಅವನಿಗೆ.
"ಜೊವಾನ, ಬರ್ಕೊಳ್ಳಿ. ಬಾಯಿ ಬಿಡಿಸೋ ಮುಂಚೆ ಮಾತಾಡಿದೋಳು ಕಟ್ಟಳೆ ಮುರಿದೋಳು. ಕಟ್ಟಳೆ ಮುರಿದೋಳಿಗೆ ನೆಲದ ಪರ ಮಾತಾಡೋ ಹಕ್ಕಿಲ್ಲ."
"ಆದ್ರೆ... ಬೇಡ ಅಂದ್ರಲ್ಲ. ನಾನೇ ಕೇಳಿಸ್ಕೊಂಡೆ."
"ನೀವು ಕೇಳಿಸ್ಕೊಂಡಿದ್ದು ಸದ್ದು. ಅದು ಮಾತೋ ಅಲ್ವೋ ನಾವು ಹೇಳ್ತೀವಿ. ನಮ್ಮ ಪರಂಪರೆ ನಾವೇ ನೋಡ್ಕೋತೀವಿ ಅಂತ ತಾನೇ ಇಷ್ಟು ವರ್ಷ ಬಡ್ಕೊಂಡಿದ್ದು? ಈಗ ನೀವು ನಮಗೆ ಕಟ್ಟಳೆ ಕಲಿಸ್ತೀರಾ?"
ಜೊವಾನಳ ಕುತ್ತಿಗೆಯೆಲ್ಲ ಕೆಂಪಾಯಿತು. "ಇಲ್ಲ, ಇಲ್ಲ. ಕ್ಷಮಿಸಿ. ಅದು ಸಮುದಾಯದ ನಿರ್ಧಾರ." ಬರೆದುಕೊಂಡಳು.
ಮುದುಕಿಯರ ಕಡೆ ತಿರುಗಿದೆ. ಎಲ್ಲರೂ ನೆಲ ನೋಡುತ್ತಿದ್ದರು. ಸೆಸಿಲ್ ಸುಳ್ಳು ಹೇಳಿರಲಿಲ್ಲ. ಕಟ್ಟಳೆ ಇರುವುದೇ ಹಾಗೆ. ನಾನೇ ಎಷ್ಟು ಜನ ಸೊಸೆಯಂದಿರಿಗೆ ಹೇಳಿಕೊಟ್ಟಿದ್ದೇನೆ.

ಮೇ ೬
ಬೆರಿಲ್ ಹಾಸಿಗೆಯನ್ನು ಆ ತುದಿಗೆ ಎಳೆದುಕೊಂಡು ಹೋದಳು. ಟೀ ಪಾತ್ರೆ ಅವಳದು, ಅದನ್ನೂ ಒಯ್ದಳು.

ಜೂನ್ ೨
ಯಂತ್ರಗಳ ಸದ್ದು. ಉತ್ತರದಿಂದ, ಒರತೆಯ ಕಡೆಯಿಂದ. ಬೆಳಗಿನ ಚಳಿಯಲ್ಲಿ ಇಲ್ಲೇ ಇದ್ದ ಹಾಗೆ ಕೇಳುತ್ತದೆ.
ನಾನು ಮಾತಾಡುತ್ತಿಲ್ಲ. ಮುರಿದ ಮೇಲೆ ಇನ್ನೇನು ಕಾಪಾಡುವುದು ಅಂತ ಟಾಪ್ಸಿ ನನಗೆ ಕೇಳುವ ಹಾಗೆ ಯಾರಿಗೋ ಹೇಳಿದಳು. ಇರಲಿ. ಯಜಮಾನರು ಇನ್ನೂ ಇಲ್ಲೇ ಸುತ್ತಾಡುತ್ತಿದ್ದರೆ, ಉಳಿದ ದಿನಗಳಾದರೂ ಸುಮ್ಮನಿದ್ದಳು ಅಂದುಕೊಳ್ಳಲಿ.

ಜೂನ್ ೧೯
ಅಂಗಡಿಯ ಹಿಂದೆ ಹೆಸರಿಲ್ಲದವ ಸಿಕ್ಕ. ಅತ್ತಿತ್ತ ನೋಡಿ ಹತ್ತಿರ ಬಂದ.
"ಚಿಕ್ಕಮ್ಮ, ನಿಮಗೆ ಯಾರೂ ಹೇಳಿಲ್ಲ ಅನ್ಸುತ್ತೆ. ಜಲ್ಲಿ ತುಂಬ್ಕೊಂಡು ಒರತೆ ಹತ್ರ ನಾನೇ ಹೋಗಿದ್ದೆ. ಬಂಡೆ ಒಡೆದಾಗ ನೀರು ನನ್ನೆತ್ತರಕ್ಕೆ ಚಿಮ್ತು. ಸ್ವಲ್ಪ ಹೊತ್ತು ಕೆಸರು. ಆಮೇಲೆ... ಜಲ್ಲಿ ಸುರಿ ಅಂದ್ರು. ಸುರಿದೆ."
ಅವನ ಭುಜ ತಟ್ಟಿದೆ. ಇನ್ನೇನು ಮಾಡಲಿ.

ಜೂನ್ ೨೦
(ಏನೂ ಇಲ್ಲ)

ಜುಲೈ ೮, ಮಧ್ಯಾಹ್ನ
ಸೆಸಿಲ್ ಮಾಂಸ ತಂದ. ಒಳ್ಳೆಯ ಭಾಗ, ತೊಡೆಯದ್ದು. ಹೆಂಗಸರೆಲ್ಲ ಬೇಲಿಯ ಹೊರಗೆ ಸಾಲಾಗಿ ಕೂತರು. ನನ್ನನ್ನು ನಡುವೆ ಕೂರಿಸಿದರು. ತಲೆಯ ಮಣ್ಣನ್ನು ಬೆರಿಲ್ಲೇ ತೊಳೆದಳು. ಅಳುತ್ತಾ ತೊಳೆದಳು. ಎಷ್ಟೋ ದಿನಗಳ ಮೇಲೆ ಯಾರದೋ ಕೈ ನನ್ನ ತಲೆಯ ಮೇಲೆ.
ಸೆಸಿಲ್ ತುಂಡನ್ನು ತುಟಿಗೆ ಮುಟ್ಟಿಸಿ ಬಾಯಿಗಿಟ್ಟ. ಅದನ್ನು ನುಂಗಿದರೆ ಬಾಯಿ ಬಿಟ್ಟ ಹಾಗೆ.
"ಅತ್ತಿಗೆ, ಆಗಿದ್ದಾಯ್ತು. ಹಿರಿಯರೆಲ್ಲ ಸೇರಿ ನಿಮ್ಮ ತಪ್ಪು ಮನ್ನಾ ಮಾಡಿದೀವಿ. ಇನ್ಮೇಲೆ ಆ ನೆಲದ ಮಾತು ಮತ್ತೆ ನಿಮ್ದೇ." ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಹೆಂಗಸರು ಹೂಂ ಹೂಂ ಅಂದರು. ಆಮೇಲೆ ಬಗ್ಗಿ, ಮನೆಯವನ ಹಾಗೆ: "ಶುಕ್ರವಾರ ರಸ್ತೆ ಉದ್ಘಾಟನೆ. ಒರತೆ ಇದ್ದ ಜಾಗದಲ್ಲಿ ಗಣಿಯವರು ಒಂದು ಫಲಕ ನಿಲ್ಲಿಸ್ತಾರೆ. ನಿಮ್ಮಪ್ಪನ ಹೆಸರೂ ಇರುತ್ತೆ. ಆ ನೀರಿನ ಹಾಡು ನಿಮಗೊಬ್ರಿಗೇ ಬರೋದು. ಬಂದು ಹಾಡ್ಬೇಕು. ಬೇರೆ ಯಾರು ಹಾಡಿದ್ರೂ ಕಟ್ಟಳೆ ತಪ್ಪಿದ ಹಾಗಲ್ವಾ?"
ನಗುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದ.
"ಹೂಂ ಅನ್ನೇ, ಲೋಟಿ," ಅಂದಳು ಬೆರಿಲ್. "ನಿನ್ನ ದನಿ ಕೇಳ್ಬೇಕು ಕಣೇ. ನಡಿ, ನಾನೂ ಪಕ್ಕದಲ್ಲಿ ಕೂರ್ತೀನಿ. ಟೀ ಪಾತ್ರೆನೂ ತರ್ತೀನಿ."
ಎಲ್ಲರೂ ಕಾಯುತ್ತಿದ್ದರು. ಮಾಂಸ ನಾಲಿಗೆಯ ಮೇಲಿತ್ತು. ಚೆನ್ನಾಗಿ ಬೆಂದಿತ್ತು, ಉಪ್ಪೂ ಹದವಾಗಿತ್ತು. ಬಾಯಿ ಮುಚ್ಚಿದವಳಿಗೆ ಹಾಡು ಅನ್ನಲು ಯಾವ ಕಟ್ಟಳೆಯಲ್ಲೂ ಅವಕಾಶವಿಲ್ಲ. ಅದು ಸೆಸಿಲ್‌ಗೂ ಗೊತ್ತು.
"ನುಂಗಿದ್ಯಾ?" ಬೆರಿಲ್ ಕೇಳಿದಳು.
ತುಂಡನ್ನು ಅಂಗೈಗೆ ಉಗುಳಿದೆ. ಎಲ್ಲರಿಗೂ ಕಾಣುವ ಹಾಗೆ ಹಿಡಿದೆ. ಸೆಸಿಲ್‌ನ ನಾಯಿ ಎದ್ದು ಬಂತು. ಆಗ ಬೆರಿಲ್ ನನ್ನ ಮುಖ ನೋಡಿ, ಬಿಳಿ ಮಣ್ಣು ತೆಗೆದು ಮತ್ತೆ ನನ್ನ ತಲೆಗೆ ಬಳಿದಳು.