ವಾರಂಟ್ ಕೇಳು ಅಂದಿದ್ದೆ ನೀನು

ತಮ್ಮಾ ಆರ್ನೆಲ್,

ಇವತ್ತು ನವೋತಾಸ್‌ ಊರಿನ ಚರ್ಚಿನ ಸಭಾಂಗಣದಲ್ಲಿ ಸಂವಿಧಾನದ ಪಾಠಕ್ಕೆ ಹೋಗಿದ್ದೆ. ಪ್ರತಿ ಶನಿವಾರ ನೀನು ಹೋಗುತ್ತಿದ್ದೆಯಲ್ಲ, ಅದೇ. ‘ಬಾಡಿಗೆ ಟ್ರೈಸಿಕಲ್ ಓಡಿಸೋನಿಗೆ ಸಂವಿಧಾನ ಯಾಕೋ?’ ಎಂದು ಆಗ ನಾನು ನಗುತ್ತಿದ್ದೆ.

ಹೊಸದಾಗಿ ಬಂದಿರುವ ವಕೀಲೆ ಮಿಲಾಗ್ರೊಸ್ ಹೇಳಿದರು: ‘ಅಧಿಕಾರ ಹುಟ್ಟೋದು ಜನರಿಂದ. ಅದಕ್ಕೇ ನ್ಯಾಯಾಧೀಶರ ವಾರಂಟ್ ಇಲ್ಲದೆ ಪೊಲೀಸರು ನಿಮ್ಮ ಮನೆ ಹುಡುಕೋ ಹಾಗಿಲ್ಲ.’

ಮೀನು ಮಾರುವ ಪಾಸಿಂಗ್ ಅಜ್ಜಿ ಕೇಳಿದಳು: ‘ಬಾಗಿಲು ಒದ್ದರೆ ನಿನ್ನ ಸಂವಿಧಾನ ಅಡ್ಡ ನಿಲ್ಲುತ್ತೇನಮ್ಮ?’

‘ಅದು ನಿಲ್ಲಲ್ಲ ಅಜ್ಜಿ, ನಾವು ನಿಲ್ಲಬೇಕು.’

ಆಮೇಲೆ ವಕೀಲೆ ಪೊಲೀಸರಂತೆ ಮೇಜು ಬಡಿದು, ‘ಬಾಗಿಲು ತೆಗಿ!’ ಎಂದು ನನ್ನನ್ನು ಗದರಿಸಿದರು. ನನಗೆ ಪೊಲೀಸರು ನಮ್ಮ ಮನೆ ಬಾಗಿಲು ಬಡಿದ ದಿನದ ನಿನ್ನ ಕೂಗು ಕೇಳಿಸಿತು: ‘ಅಕ್ಕಾ, ತೆಗೀಬೇಡ, ಮೊದಲು ವಾರಂಟ್ ಕೇಳು!’ ತಪ್ಪು ಮಾಡದವನಿಗೆ ಭಯ ಯಾಕೆ ಎಂದು ನಿನ್ನನ್ನೇ ಬೈದು ನಾನು ಚಿಲಕ ತೆಗೆದಿದ್ದೆ. ಅವರು ಕರೆದೊಯ್ದ ನೀನು ಜೀವಂತವಾಗಿ ಮರಳಲಿಲ್ಲ.

‘ಮೊದಲು ವಾರಂಟ್ ತೋರಿಸಿ’ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

‘ಎಷ್ಟು ಚೆನ್ನಾಗಿ ಹೇಳಿದ್ರಿ! ಯಾರು ಕಲಿಸಿದ್ದು?’ ಎಂದರು ವಕೀಲೆ.

‘ನನ್ನ ತಮ್ಮ.’

‘ಹಾಗಾದ್ರೆ ಮುಂದಿನ ಶನಿವಾರ ಅವನನ್ನೂ ಕರ್ಕೊಂಡು ಬನ್ನಿ.’

ನಾನು ಹೂಂ ಎಂದು ಬಂದೆ.

ನಿನ್ನ ಅಕ್ಕ,
ಲುವಾಲ್ಹಾತಿ